ಬೆಳ್ಳನ ಕೋವಿಗೆ ರಸೀತಿ ಇಲ್ಲ

ನಮ್ಮ ಮನೆಯಲ್ಲಿ ಇನ್ನು ಯಾರೂ ಬರೆಯದ ಹಾಳೆಗೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ನಾನು ನಮ್ಮಪ್ಪನಿಗೆ ಮಾತು ಕೊಟ್ಟಾಗ ನನಗೆ ಹತ್ತು ವರ್ಷ.

ಅಪ್ಪನ ಹೆಸರು ಮಂಟಯ್ಯ. ಅವತ್ತು ಅವನು ಕಾಡಿನ ಆಫೀಸಿನಿಂದ ಮೂರನೇ ದಿನಕ್ಕೆ ಕಾಡಂಚಿನ ನಮ್ಮ ಜನರ ಹಾಡಿಗೆ ಬಂದಿದ್ದ. ಅಂಗಾಲು ಊದಿ ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಅವ್ವ ಬಿಸಿನೀರು ಕಾಯಿಸಿ ಕಾಲಿಗೆ ಹುಯ್ಯುತ್ತಿದ್ದಳು. ಅಪ್ಪ ಕಾಲನ್ನು ನೋಡುತ್ತಿರಲಿಲ್ಲ. ಎಡಗೈ ಹೆಬ್ಬೆಟ್ಟನ್ನು ನೋಡುತ್ತಿದ್ದ. ಅದಕ್ಕೆ ನೇರಳೆ ಬಣ್ಣ ಹತ್ತಿತ್ತು. ಕಲ್ಲಿಗೆ ಉಜ್ಜಿದ. ಬೂದಿ ಹಾಕಿ ಉಜ್ಜಿದ. ಹೋಗಲಿಲ್ಲ.

"ಹೊಡ್ತ ವಾಸಿ ಆಯ್ತದೆ ಕಣವ್ವ. ಇದು ಆಗಕಿಲ್ಲ," ಅಂದ.

ಅವನು ಜೇನು ಇಳಿಸಲು ಹೋಗಿದ್ದ. ಅದೇ ವಾರ ಕಾಡಿನೊಳಗೆ ಒಂದು ಕಡವೆ ಗುಂಡೇಟು ತಿಂದು ಸತ್ತಿತ್ತು. ಹೊಡೆದವರು ಸಿಗಲಿಲ್ಲ. ಅಪ್ಪ ಸಿಕ್ಕಿದ. "ಇಲ್ಲಿ ಒತ್ತು, ಮನೆಗೆ ಹೋಗು" ಅಂದರಂತೆ. ಹಾಳೆಯಲ್ಲಿ ಏನೂ ಇರಲಿಲ್ಲ. ಒತ್ತಿದ. ಆಮೇಲೆ ಅದೇ ಹಾಳೆಯಲ್ಲಿ ಅಕ್ಷರ ತುಂಬಿದವು. ಕಡವೆ ಹೊಡೆದವನು ನಾನೇ ಎಂದು ಮಂಟಯ್ಯ ಹೇಳಿದ ಹಾಗೆ. ಬಂದೂಕನ್ನು ಯಾವ ತುದಿಯಿಂದ ಹಿಡಿಯಬೇಕು ಅನ್ನುವುದೂ ಗೊತ್ತಿಲ್ಲದ ಮನುಷ್ಯ ಒಂಬತ್ತು ವರ್ಷ ಕೋರ್ಟಿಗೆ ಅಲೆದ.

"ನೀನು ಓದು. ಬರೆದಿರದ್ನ ಓದಿ ಆಮೇಕೆ ಸಹಿ ಹಾಕು. ನೀನು, ನಿನ್ನ ಗಂಡ, ನಿನ್ನ ಮಕ್ಕಳು, ಯಾರೂ ಖಾಲಿ ಹಾಳೆಗೆ ಒತ್ತಬಾರ್ದು. ಮಾತು ಕೊಡು."

"ಒತ್ತಕಿಲ್ಲ ಕಣಪ್ಪ. ಒತ್ತಕ್ಕೂ ಬುಡಕಿಲ್ಲ," ಅಂದೆ.

ಮುಂದಿನ ವಾರವೇ ನನ್ನನ್ನು ಆಶ್ರಮ ಶಾಲೆಗೆ ಹಾಕಿದ. ನಾನು ಎರಡು ಸಲ ಓಡಿಬಂದೆ. ಎರಡು ಸಲವೂ ಆ ಕಾಲಲ್ಲೇ ನನ್ನನ್ನು ಹೆಗಲ ಮೇಲೆ ಹೊತ್ತು ವಾಪಸು ಬಿಟ್ಟ. ಏಳನೇ ಕ್ಲಾಸಿನವರೆಗೆ ಓದಿದೆ. ನನ್ನ ಓದು ಅಷ್ಟು. ಕೆಂಪಿ ಅಂತ ಸಹಿ ಮಾಡುತ್ತೇನೆ, ಕನ್ನಡದ ಯಾವ ಕಾಗದ ಕೊಟ್ಟರೂ ಓದುತ್ತೇನೆ.

ನನ್ನ ಗಂಡ ಬೆಳ್ಳ ಓದಿದವನಲ್ಲ. ಅವನದು ಹೊಲ ಕಾಯುವ ಕೆಲಸ. ಹನಗೋಡಿನಿಂದ ಈಚೆಗೆ, ಕಾಡಿನ ಕಂದಕಕ್ಕೆ ಅಂಟಿಕೊಂಡ ಹಾಗೆ ಊರಿನವರ ಜಮೀನುಗಳಿವೆ. ಬೋರಿನ ನೀರಿನಲ್ಲಿ ಬೇಸಿಗೆಯಲ್ಲೂ ಮುಸುಕಿನ ಜೋಳ ಹಾಕುತ್ತಾರೆ. ಹಗಲು ಕೋತಿ, ಗಿಳಿ. ಕತ್ತಲಾದರೆ ಹಂದಿ, ಆನೆ. ಬೆಳ್ಳ ಅಟ್ಟಣೆ ಮೇಲೆ ಕೂತು ಡಬ್ಬ ಬಡಿಯುತ್ತಿದ್ದ. ಕೂಗಿ ಕೂಗಿ ಅವನ ಗಂಟಲು ಒಡೆದುಹೋಗಿದೆ. ಈಗಲೂ ಮಾತಾಡಿದರೆ ಮರದ ಹಲಗೆ ಗರಗಸಕ್ಕೆ ಕೊಟ್ಟ ಹಾಗೆ ಕೇಳಿಸುತ್ತದೆ. ನಾನು ಅದೇ ಹೊಲಗಳಲ್ಲಿ ಕಳೆ ಕೀಳುತ್ತೇನೆ, ಶುಂಠಿ ನೆಡುತ್ತೇನೆ, ಗೊಬ್ಬರ ಹೊರುತ್ತೇನೆ.

ಕೋತಿಗಳು ಡಬ್ಬಕ್ಕೆ ಹೆದರುವುದನ್ನು ಬಿಟ್ಟವು. ಜಮೀನಿನ ಯಜಮಾನ ನಟರಾಜು ಒಂದು ದಿನ ಬೆಳ್ಳನಿಗೆ ಹೇಳಿದ.

"ಕೋವಿ ಇರೋನು ಬೇಕು ಕಣ್ಲಾ ನಂಗೆ. ಡಬ್ಬ ಬಡಿಯಕ್ಕೆ ನನ್ನ ಮೊಮ್ಮಗ ಸಾಕು."

ಆ ವರ್ಷ ಬೆಳ್ಳ ಕೊಡಗಿಗೆ ಕಾಫಿ ಕುಯ್ಯಲು ಹೋದ. ಅಲ್ಲಿ ಮನೆಮನೆಯ ಗೋಡೆಯಲ್ಲೂ ಕೋವಿ ತೂಗುಹಾಕಿದ್ದು ನೋಡಿದ. ಬರುವಾಗ ಮೈಸೂರಿಗೆ ಹೋಗಿ ಒಂದು ಏರ್‌ಗನ್ ಕೊಂಡುತಂದ. ಇದಕ್ಕೆ ಲೈಸೆನ್ಸ್ ಬೇಡ ಎಂದು ಅಂಗಡಿಯವನು ಹೇಳಿ, ಬಿಲ್ಲಿನ ಮೇಲೂ ಬರೆದುಕೊಟ್ಟಿದ್ದ. ಬಿಲ್ಲಿನಲ್ಲಿ ಬೆಳ್ಳನ ಹೆಸರಿತ್ತು. ಅವನಪ್ಪನ ಹೆಸರಿತ್ತು. ಹಾಡಿಯ ಹೆಸರಿತ್ತು. ನಾನು ಮೂರು ಸಲ ಓದಿ ಹೇಳಿದೆ. ಬೆಳ್ಳ ಮೂರು ಸಲವೂ ಕೇಳಿದ. ಅವನ ಹೆಸರಿದ್ದ ಕಾಗದಗಳು ನಮ್ಮ ಮನೆಯಲ್ಲಿ ಬೇರೆಯೂ ಇದ್ದವು. ಇವನು ಇಂಥದ್ದನ್ನು ಕೊಂಡವನು ಎಂದು ಹೇಳುವ ಕಾಗದ ಅದೊಂದೇ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರೇಷನ್ ಕಾರ್ಡಿನ ಜೊತೆ ಇಟ್ಟ. ಮಗಳು ವನಿತಾ ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಅವಳು ಹುಣಸೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ.

ಕೋವಿ ಜೊತೆ ಒಂದು ಡಬ್ಬಿ ಸೀಸದ ಗುಂಡು ಕೊಟ್ಟಿದ್ದರು. ಅದನ್ನು ನಟರಾಜು ಇಸಿದುಕೊಂಡ.

"ಗುಂಡು ನನ್ನತ್ರ ಇರ್ಲಿ. ನಿಮ್ಮ ಕೈಗೆ ಕೊಟ್ರೆ ನನ್ನ ಜೋಳ ಉಳೀತದೆ, ಕಾಡಲ್ಲಿ ಒಂದು ಮೊಲ ಉಳಿಯಕಿಲ್ಲ," ಅಂದು ನಕ್ಕ. ಬೆಳ್ಳನೂ ನಕ್ಕ. ನಗದೆ ಏನು ಮಾಡುತ್ತಾನೆ.

ಗುಂಡಿಲ್ಲದೆಯೂ ಕೋವಿ ಕೆಲಸ ಮಾಡಿತು. ನಳಿಗೆ ಎತ್ತಿದರೆ ಸಾಕು, ಕೋತಿಗಳು ಕಂದಕ ಹಾರಿ ಓಡುತ್ತಿದ್ದವು. "ಗುಂಡಿಲ್ಲ ಅಂತ ಅವಕ್ಕೆ ಗೊತ್ತಿಲ್ಲ ಕಣಮ್ಮಿ. ನೀನು ಹೇಳ್ಬುಟ್ಟೀಯ," ಎಂದು ಬೆಳ್ಳ ತಮಾಷೆ ಮಾಡುತ್ತಿದ್ದ. ಮೂರು ಜಮೀನಿನವರು ಅವನನ್ನೇ ಕರೆದರು. ಎರಡು ವರ್ಷ ನಾವು ಹಾಡಿ ಬಿಟ್ಟು ಕೂಲಿಗೆ ಎಲ್ಲಿಗೂ ಹೋಗಲಿಲ್ಲ.

ಆಮೇಲೆ ಲೋಕಸಭೆ ಚುನಾವಣೆ ಬಂತು.

ಪಂಚಾಯ್ತಿ ಕಸದ ಗಾಡಿ ಹಾಡಿಯೊಳಗೆ ಬರುವುದಿಲ್ಲ. ರಸ್ತೆಯಲ್ಲೇ ನಿಂತು ಮೈಕಿನಲ್ಲಿ ಕೂಗುತ್ತದೆ. ಬಂದೂಕು ಹೊಂದಿರುವ ಎಲ್ಲರೂ ಚುನಾವಣೆ ಮುಗಿಯುವ ತನಕ ತಮ್ಮ ಬಂದೂಕನ್ನು ಠಾಣೆಯಲ್ಲಿ ಇಟ್ಟು ರಸೀತಿ ಪಡೆಯಬೇಕು, ತಪ್ಪಿದರೆ ಕ್ರಮ ಎಂದು ಕೂಗಿತು. ಎರಡು ದಿನ ಕೂಗಿತು.

ಭಾನುವಾರ ಮನೆಗೆ ಬಂದಿದ್ದ ವನಿತಾ ಹೇಳಿದಳು. "ಅವ್ವ, ಅದು ಲೈಸೆನ್ಸ್ ಇರೋ ಬಂದೂಕಿನವ್ರಿಗೆ. ಅಪ್ಪಂದು ಏರ್‌ಗನ್. ಕೊಡಂಗಿಲ್ಲ. ಸುಮ್ನಿರಿ."

"ಎಲ್ಲಾರೂ ಅಂತ ಕೂಗ್ತಾವ್ನಲ್ಲ," ಅಂದೆ.

"ಎಲ್ಲಾರೂ ಅಂದ್ರೆ ನಾವಲ್ಲ ಕಣವ್ವ. ರೋಡು ಹಾಕುವಾಗ ಎಲ್ಲಾರಿಗೂ ಅಂದ್ರಲ್ಲ, ನಮ್ಮ ಹಾಡಿಗೆ ಬಂತಾ?"

ಬೆಳ್ಳ ನಕ್ಕ. ನಾನು ನಗಲಿಲ್ಲ. ಅವಳು ಹೇಳಿದ್ದು ಸರಿ ಎಂದು ನನಗೂ ಅನ್ನಿಸಿತ್ತು. ಆದರೆ ನಮ್ಮ ಜನಕ್ಕೆ ಒಂದು ಅಭ್ಯಾಸವಿದೆ. ಅವರು ಹುಡುಕಿಕೊಂಡು ಬರುವ ಮೊದಲೇ ನಾವು ಹೋಗಿ ನಿಲ್ಲುತ್ತೇವೆ. ಆನೆ ಸತ್ತರೂ ಅಷ್ಟೆ, ಬೆಂಕಿ ಬಿದ್ದರೂ ಅಷ್ಟೆ, ಗಂಧದ ಮರ ಹೋದರೂ ಅಷ್ಟೆ. ಕರೆಯುವ ಮೊದಲೇ ಹೋಗಿ ಆಫೀಸಿನ ಮುಂದೆ ಕೂತರೆ ಹೊಡೆತ ಕಡಿಮೆ ಎಂದು ನಮ್ಮ ಹಿರಿಯರ ಲೆಕ್ಕ.

"ಕೊಟ್ಟು ರಸೀತಿ ಇಸ್ಕಂಡು ಬರಾನ. ನಾನೂ ಬತ್ತೀನಿ. ನಾನು ಓದಿ ನೋಡ್ತೀನಿ," ಅಂದೆ.

ನಾನೇ ಅಂದೆ. ಬೆಳ್ಳನಲ್ಲ.

ಮಾರನೆಯ ದಿನ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಡೆದೇ ಹೊರಟೆವು. ಬಸ್ಸಿನಲ್ಲಿ ಜನ ಏನಂದಾರೋ ಎಂದು ಹೆದರಿಕೆ. ದಾರಿಯಲ್ಲಿ ಕಾಡಿನವರ ಚೆಕ್‌ಪೋಸ್ಟ್ ಇದೆ. ಅಲ್ಲಿ ಕಂಬಳಿ ಬಿಚ್ಚಿಸಿದರೆ ಠಾಣೆ ತಲುಪುವುದೇ ಇಲ್ಲ ಎಂದು ಹೊಲದ ಬದುವಿನಲ್ಲಿ ಸುತ್ತಿ ಹೋದೆವು. ಬಿಸಿಲು. ಇಬ್ಬರೂ ಬರಿಗಾಲು.

ಠಾಣೆಯ ಮುಂದೆ ಜಾತ್ರೆಯಷ್ಟು ಬೈಕು. ಜಮೀನಿನವರು, ಎಸ್ಟೇಟಿನವರು, ಹಳೇ ಪಟೇಲರ ಮಕ್ಕಳು. ಅವರ ಜೋಡು ನಳಿಗೆ ಬಂದೂಕುಗಳನ್ನು ಗೋಡೆಗೆ ಛತ್ರಿ ಒರಗಿಸಿದ ಹಾಗೆ ಒರಗಿಸಿದ್ದರು. ಕಂಠಪ್ಪ ಎಂಬ ದಫೇದಾರ ಮೇಜು ಹಾಕಿಕೊಂಡು ನಂಬರು ಬರೆದುಕೊಂಡು ರಸೀತಿ ಹರಿದು ಕೊಡುತ್ತಿದ್ದ. ಟೀ ಬರುತ್ತಿತ್ತು. ನಟರಾಜು ಕುರ್ಚಿಯಲ್ಲಿ ಕೂತಿದ್ದ. ನಮ್ಮನ್ನು ನೋಡಿ, "ನೀನ್ಯಾಕ್ಲಾ ಬಂದೆ?" ಅಂದ. ಉತ್ತರಕ್ಕೆ ಕಾಯಲಿಲ್ಲ.

ನಾವು ಸಾಲಿನ ಕೊನೆಯಲ್ಲಿ ನಿಂತೆವು. ಆಮೇಲೆ ಬಂದವರೂ ನಮ್ಮ ಮುಂದೆ ಹೋದರು. ಬೆಳ್ಳ ಜಾಗ ಬಿಡುತ್ತಲೇ ಇದ್ದ. ಮಧ್ಯಾಹ್ನವಾಯಿತು. ಸಾಲು ಮುಗಿದ ಮೇಲೆ ಕಂಠಪ್ಪ ತಲೆಯೆತ್ತಿದ.

"ಏನ್ಲಾ ಕಂಬಳಿಯೊಳಗೆ? ಹೆಣ ಗಿಣ ತಂದಿದ್ದೀಯಾ?"

"ಕೋವಿ ಬುದ್ದಿ."

ಅಲ್ಲಿದ್ದವರೆಲ್ಲ ತಿರುಗಿದರು. ಬೆಳ್ಳ ಕಂಬಳಿ ಬಿಚ್ಚಿದ. ಕಂಠಪ್ಪ ಕೋವಿ ಹಿಡಿದು ನೋಡಿ ನಗಲು ಶುರುಮಾಡಿದ.

"ಥೂ ನಿನ್ನ. ಇದನ್ಯಾರ್ಲಾ ತರಕ್ಕೆ ಹೇಳಿದ್ದು? ನಾಳೆ ಪೀಪಿ, ಬುಗುರಿ ಎಲ್ಲಾ ಹೊತ್ಕಂಡು ಬಂದುಬುಡ್ತೀರ ನೀವು."

ಎಲ್ಲರೂ ನಕ್ಕರು. ನಟರಾಜು ಕಣ್ಣೊರೆಸಿಕೊಂಡು ನಕ್ಕ. ಬೆಳ್ಳ ನಕ್ಕ. ನಾನೂ ನಕ್ಕೆ. ಬೆಳಗಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿಯಿತು.

"ಇದಕ್ಕೆ ರಸೀತಿ ಗಿಸೀತಿ ಇಲ್ಲ ಕಣೋ. ತಗಂಡು ಹೋಗು," ಅಂದ ಕಂಠಪ್ಪ.

ಆಗಲೇ ಹೊರಟಿದ್ದರೆ ಆಗುತ್ತಿತ್ತು. ಬೆಳ್ಳ ಕಂಬಳಿ ಸುತ್ತತೊಡಗಿದ್ದ. ನನ್ನ ಬಾಯಿ ಸುಮ್ಮನಿರಲಿಲ್ಲ. ಬಾಯಿಮಾತಿನಲ್ಲಿ ಬೇಡ ಅಂದವರು ನಾಳೆ ಯಾಕೆ ಕೊಡಲಿಲ್ಲ ಅಂದರೆ?

"ಸಾ, ಏರ್‌ಗನ್ ಕೊಡಂಗಿಲ್ಲ ಅಂತ ಒಂದು ಚೀಟೀಲಿ ಬರ್ಕೊಟ್ಟುಬುಡಿ ಸಾ. ಬಿಲ್ಲು ತಂದಿವ್ನಿ," ಅಂದೆ.

ನಗು ನಿಂತಿತು. ಒಳಗಿನಿಂದ ಸಬ್ ಇನ್‌ಸ್ಪೆಕ್ಟರು ಹೊರಗೆ ಬಂದ. ದೇವರಾಜ ಎಂದು ಎದೆಯ ಮೇಲೆ ಬರೆದಿತ್ತು. ವಯಸ್ಸು ಬಹಳವಿಲ್ಲ. ಧ್ವನಿ ಏರಿಸುವ ಮನುಷ್ಯನೂ ಅಲ್ಲ.

"ಯಾರಮ್ಮ ಬರ್ಕೊಡಿ ಅಂದಿದ್ದು?"

"ನಾನು ಸಾ."

"ಓದಿದ್ದೀಯಾ?"

"ಏಳನೇ ಕ್ಲಾಸು ಸಾ."

"ಯಾವೂರು?"

ಹಾಡಿಯ ಹೆಸರು ಹೇಳಿದೆ. ಅವನು ಬೆಳ್ಳನ ಕಡೆ ನೋಡಿದ. ಆಮೇಲೆ ಕೋವಿಯ ಕಡೆ ನೋಡಿದ. ಅದೇ ಕೋವಿ. ಒಂದು ನಿಮಿಷದ ಹಿಂದೆ ಪೀಪಿಯಾಗಿತ್ತು.

"ಹಾಡಿಯವನ ಕೈಲಿ ಗನ್. ಏನು ಹೊಡೀತೀಯಾ ಇದರಲ್ಲಿ?"

"ಏನೂ ಇಲ್ಲ ಬುದ್ದಿ. ಕೋತಿ ಬೆದರಿಸ್ತೀನಿ."

"ಗುಂಡು ಎಲ್ಲಿ?"

"ಗುಂಡಿಲ್ಲ ಬುದ್ದಿ."

"ಗುಂಡಿಲ್ಲದ ಗನ್ ಯಾಕೋ ಇಟ್ಕೊಂಡಿದ್ದೀಯಾ? ನಮ್ಮನ್ನೂ ಕೋತಿ ಅಂದ್ಕೊಂಡ್ಯಾ?"

ಬೆಳ್ಳ ನಟರಾಜುವಿನ ಕಡೆ ನೋಡಿದ. ಗುಂಡಿನ ಡಬ್ಬಿ ಇರುವುದು ಅವನ ಬೀರುವಿನಲ್ಲಿ. ನಟರಾಜು ತನ್ನ ರಸೀತಿಯನ್ನು ಮಡಚುತ್ತಿದ್ದ. ಎರಡು ಮಡಿಕೆ ಮಾಡಿದ. ನಾಲ್ಕು ಮಾಡಿದ. ಜೇಬಿಗಿಟ್ಟ.

"ಯಾವ ದಾರೀಲಿ ಬಂದ್ರಿ?"

"ಹೊಲದ ಮೇಲೆ ಬುದ್ದಿ."

"ಚೆಕ್‌ಪೋಸ್ಟ್ ಬಿಟ್ಟು ಹೊಲದ ಮೇಲೆ ಯಾಕೆ ಬಂದೆ?"

ಹೆದರಿಕೊಂಡು ಬಂದೆ ಅಂದರೂ ತಪ್ಪು, ಸುಮ್ಮನೆ ಬಂದೆ ಅಂದರೂ ತಪ್ಪು.

"ಇವನು ಇರ್ಲಿ," ಅಂದ ದೇವರಾಜ ಕಂಠಪ್ಪನಿಗೆ. "ಬಂದಿರೋ ಗನ್‌ಗಳನ್ನೆಲ್ಲ ಒಳಗಿಡಕ್ಕೆ ಹಚ್ಚು."

ನನ್ನ ಗಂಡ ಠಾಣೆಯ ಅಂಗಳದಿಂದ ಹಿತ್ತಲಿನ ಕೋಣೆಗೆ ಊರಿನವರ ಬಂದೂಕು ಹೊತ್ತ. ಎರಡು ಹೆಗಲಿಗೆ ಎರಡು. ಕಲ್ಲುಚಪ್ಪಡಿ ಬಿಸಿಲಿಗೆ ಕಾದಿತ್ತು. ಕಾಲು ಎತ್ತಿ ಎತ್ತಿ ಇಡುತ್ತಿದ್ದ. "ನೆಟ್ಟಗೆ ನಡಿಯೋ, ಕುಣೀಬೇಡ," ಎಂದು ಒಬ್ಬ ಪೊಲೀಸು ಕೂಗಿದ. ಇನ್ನೊಬ್ಬ ನಕ್ಕ. ನಾನು ಬೇವಿನ ಮರದ ಕೆಳಗೆ ಕೂತು ಎಣಿಸಿದೆ. ಹತ್ತೊಂಬತ್ತು ಸಲ ಹೋಗಿ ಬಂದ. ಮೂವತ್ತೆಂಟು ಬಂದೂಕು. ಅವುಗಳಲ್ಲಿ ನಟರಾಜುವಿನದೂ ಒಂದು. ಆಮೇಲೆ ಬಟ್ಟೆ ಕೊಟ್ಟು ಧೂಳು ಒರೆಸಲು ಹೇಳಿದರು. ಕುಡಿಯಲು ನೀರು ಕೇಳಿದ. "ಕೆಲ್ಸ ಮುಗ್ಸು," ಅಂದರು.

ಕೆಲಸ ಮುಗಿದ ಮೇಲೆ ಅವನನ್ನು ಒಳಗೆ ಕೂರಿಸಿ ಬಾಗಿಲು ಮುಚ್ಚಿದರು.

ನಾನು ಎದ್ದು ಮೆಟ್ಟಿಲ ಹತ್ತಿರ ಹೋದೆ. ಕಂಠಪ್ಪ ಬಿಲ್ಲು ಕೇಳಿದ. ಪ್ಲಾಸ್ಟಿಕ್ ಬಿಚ್ಚಿ ಕೊಟ್ಟೆ. ಅವನು ಒಳಗೆ ತೆಗೆದುಕೊಂಡು ಹೋದ. ಕಿಟಕಿಯಲ್ಲಿ ಕಾಣುತ್ತಿತ್ತು. ದೇವರಾಜ ಬಿಲ್ಲು ಓದಿದ. ಮೇಜಿನ ಖಾನೆ ಎಳೆದ. ಒಳಗೆ ಹಾಕಿದ. ಖಾನೆ ಮುಚ್ಚಿದ.

ಕಂಠಪ್ಪ ಹೊರಗೆ ಬಂದಾಗ ಅವನ ಕೈಯಲ್ಲಿ ಒಂದು ಬಿಳಿ ಹಾಳೆ, ಪೆನ್ನು ಇತ್ತು. ಹಾಳೆಯನ್ನು ಕಟ್ಟೆಯ ಮೇಲಿಟ್ಟ. ಕೆಳಗಿನ ಮೂಲೆಯಲ್ಲಿ ಬೆರಳಿಟ್ಟು ತೋರಿಸಿದ.

"ಇಲ್ಲಿ ನಿನ್ನ ಹೆಸರು ಬರಿ. ಗಂಡನ್ನ ಕರ್ಕಂಡು ಹೋಗು."

ನಾನು ಹಾಳೆ ನೋಡಿದೆ. ತಿರುವಿ ನೋಡಿದೆ. ಎರಡೂ ಕಡೆ ಬಿಳಿ.

"ಏನೂ ಬರ್ದಿಲ್ವಲ್ಲ ಸಾ."

"ಆಮೇಲೆ ಬರ್ಕತೀವಿ. ಏರ್‌ಗನ್ ಹಿಂಗಿಂಗೆ ತಂದ್ರು, ಹಿಂಗಿಂಗೆ ಕಳಿಸಿದ್ವಿ ಅಂತ."

"ಈಗ್ಲೇ ಬರೀರಿ ಸಾ. ನಾನು ಓದಿ ಹಾಕ್ತೀನಿ."

"ಟೈಮಿಲ್ಲ ಕಣಮ್ಮಿ. ಎಲೆಕ್ಷನ್ ಡ್ಯೂಟಿ. ಹಾಕ್ಬುಟ್ಟು ಹೋಗು ಅತ್ಲಾಗಿ."

"ಬರೀದೆ ಹಾಕಕಿಲ್ಲ ಸಾ."

ನಟರಾಜು ಇನ್ನೂ ಅಲ್ಲೇ ಇದ್ದ. ಬೈಕಿನ ಹತ್ತಿರದಿಂದ ಬಂದ. ಮೆತ್ತಗೆ ಮಾತಾಡಿದ. "ಹಾಕವ್ವ. ಸುಮ್ನೆ ಫಾರ್ಮಾಲಿಟಿ ಅದು. ನಾಳೆ ಕಾವಲಿಗೆ ಯಾರು ಬರ್ತಾರೆ ನಂಗೆ?"

"ಅಣ್ಣ, ನೀವು ಒಂದು ಮಾತು ಹೇಳಿ. ಗುಂಡು ನನ್ನತ್ರ ಅದೆ, ಇವನು ನನ್ನ ಹೊಲ ಕಾಯ್ತಾನೆ ಅಂತ ಹೇಳಿ. ಅಷ್ಟು ಸಾಕು."

"ನಂಗ್ಯಾಕವ್ವ ಪೊಲೀಸ್ ಸವಾಸ."

"ನಿಮ್ಮ ರಸೀತಿಗೆ ನೀವು ಸಹಿ ಹಾಕಿದ್ರಲ್ಲ. ಖಾಲಿ ಇತ್ತಾ ಅದು?"

ಅವನ ಮುಖ ಕೆಂಪಾಯಿತು. "ನಾಲಗೆ ಉದ್ದ ಆಗ್ಯದೆ ನಿಂದು," ಅಂದ. ಬೈಕು ಹತ್ತಿ ಹೋದ.

ಕಂಠಪ್ಪ ಹಾಳೆ ತೆಗೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು. ದೇವರಾಜ ಕುರ್ಚಿಯಲ್ಲಿ ಕೂತಿದ್ದ. ಅದೇ ಹಾಳೆ ಅವನ ಮುಂದಿತ್ತು. ಬೆಳ್ಳ ಅಲ್ಲಿರಲಿಲ್ಲ. ಒಳಗಿನ ಬಾಗಿಲು ಮುಚ್ಚಿತ್ತು. ಅದರಾಚೆ ಯಾರೋ ಕೆಮ್ಮಿದರು. ಬೆಳ್ಳನ ಕೆಮ್ಮು ನನಗೆ ಗೊತ್ತು.

"ಯಾಕಮ್ಮ ಹಟ?"

"ಹಟ ಅಲ್ಲ ಸಾ. ನಮ್ಮಪ್ಪನಿಗೆ ಮಾತು ಕೊಟ್ಟಿವ್ನಿ."

"ನಿಮ್ಮಪ್ಪ ಯಾರು?"

"ಮಂಟಯ್ಯ ಸಾ."

ಅವನು ಪಕ್ಕದಲ್ಲಿದ್ದ ಪುಸ್ತಕದಲ್ಲಿ ಅದನ್ನು ಬರೆದುಕೊಂಡ. ಹಾಳೆಯಲ್ಲಿ ಬರೆಯಲು ಟೈಮಿಲ್ಲ ಅಂದವರು ನಮ್ಮಪ್ಪನ ಹೆಸರು ಬರೆದುಕೊಂಡರು.

"ಮಂಟಯ್ಯ. ಅವನ ಮೇಲೂ ಕೇಸಿತ್ತಾ?"

ನಾನು ಮುಚ್ಚಿದ ಬಾಗಿಲ ಕಡೆ ನೋಡಿದೆ.

"ಮಕ್ಕಳೆಷ್ಟು?"

"ಒಬ್ಳು ಸಾ."

"ಎಲ್ಲಿ ಓದ್ತಾಳೆ? ಹಾಸ್ಟೆಲಾ? ಯಾವ ಹಾಸ್ಟೆಲು?"

ಅವನು ಪೆನ್ನನ್ನು ನನ್ನ ಕಡೆ ತಳ್ಳಿದ. ಪೆನ್ನು ಮೇಜಿನ ಮೇಲೆ ಉರುಳಿ ಅಂಚಿಗೆ ಬಂತು. ಬೀಳುವ ಹಾಗಿತ್ತು. ನಾನು ಹಿಡಿಯಲಿಲ್ಲ. ಬಿತ್ತು.

"ಸಾ," ಅಂದೆ. "ನನ್ನ ಗಂಡನ ಹೆಗಲ ಮೇಲೆ ಮೂವತ್ತೆಂಟು ಬಂದೂಕು ಹೊರಿಸಿದ್ರಲ್ಲ. ನಿಜವಾದ ಬಂದೂಕು. ಆಗ ನಿಮ್ಗೆ ಎದ್ರಿಕೆ ಆಗ್ಲಿಲ್ವಾ? ಹಾಡಿಯೋನ ಕೈಗೆ ಕೊಡ್ತಾ ಇದ್ದೀವಿ ಅಂತ ಅನ್ನಿಸ್ಲಿಲ್ವಾ? ಊರೋರ ಕೋವಿ ಹೊರಕ್ಕೆ ಅವ್ನು ಆಯ್ತಾನೆ. ತನ್ನ ಕೋವಿ ಇಟ್ಕಳಕ್ಕೆ ಆಗಕಿಲ್ಲ. ನಾನು ಹಾಕಕಿಲ್ಲ ಸಾ. ಹೊಡೀರಿ. ಒಳಗೆ ಹಾಕಿ. ಖಾಲಿ ಹಾಳೆಗೆ ನಾನು ಹಾಕಕಿಲ್ಲ."

ಕಂಠಪ್ಪ ನೆಲ ನೋಡುತ್ತಿದ್ದ.

ದೇವರಾಜ ಕೂಗಲಿಲ್ಲ. ಹೊಡೆಯಲಿಲ್ಲ. ಬಗ್ಗಿ ಪೆನ್ನು ಎತ್ತಿಕೊಂಡ. "ಹೊರಗೆ ಕೂತ್ಕೊ ಹೋಗು," ಅಂದ.

ನಾನು ಮೆಟ್ಟಿಲ ಮೇಲೆ ಕೂತೆ. ಒಬ್ಬ ಪೊಲೀಸು ಎದ್ದೇಳು ಅಂದ. ಏಳಲಿಲ್ಲ. ಇನ್ನೊಬ್ಬ ದಾಟಿಕೊಂಡು ಹೋದ. ಅವನ ಬೂಟು ನನ್ನ ಬೆರಳ ಮೇಲೆ ಬಿತ್ತು. ಬೇಕೆಂದೇ ಇಟ್ಟನೋ ಗೊತ್ತಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ನೆರಳು ಬೇವಿನ ಮರದಿಂದ ಗೋಡೆಗೆ ಹೋಯಿತು. ಒಳಗಿನಿಂದ ಏಟಿನ ಸದ್ದು ಬರುತ್ತದೇನೋ ಎಂದು ಕಿವಿ ಕೊಟ್ಟೆ. ಬರಲಿಲ್ಲ. ಸದ್ದಿಲ್ಲದಿರುವುದಕ್ಕೇ ಹೆದರಿಕೆಯಾಯಿತು.

ಐದು ಗಂಟೆಗೆ ಬಾಗಿಲು ತೆರೆಯಿತು. ಬೆಳ್ಳ ಹೊರಗೆ ಬಂದ. ಹೆಗಲ ಮೇಲೆ ಕಂಬಳಿ. ಮೈಮೇಲೆ ಗಾಯವಿಲ್ಲ. ಮುಖದಲ್ಲಿ ರಕ್ತವಿಲ್ಲ.

"ಕರ್ಕಂಡು ಹೋಗಮ್ಮ," ಅಂದ ಕಂಠಪ್ಪ. ನನ್ನ ಮುಖ ನೋಡಲಿಲ್ಲ.

"ಕೋವಿ ಸಾ?"

"ಎಲೆಕ್ಷನ್ ಆದ್ಮೇಲೆ."

"ಬಿಲ್ಲು? ರಸೀತಿ?"

"ಹೋಗಮ್ಮ ಅಂದ್ನಲ್ಲ."

ನಾನು ಗೆದ್ದೆ ಅಂದುಕೊಂಡೆ. ನಾಚಿಕೆಯಾಗುತ್ತದೆ ಈಗ. ಆದರೆ ಅಂದುಕೊಂಡೆ. ಖಾಲಿ ಹಾಳೆಗೆ ಸಹಿ ಹಾಕದೆಯೂ ಗಂಡನನ್ನು ಬಿಡಿಸಿಕೊಂಡು ಬಂದೆ, ಅಪ್ಪ ಇದ್ದಿದ್ದರೆ ನೋಡಬೇಕಿತ್ತು ಅಂದುಕೊಂಡೆ. ಬಸ್ ನಿಲ್ದಾಣದ ಹತ್ತಿರ ಇಬ್ಬರಿಗೂ ಟೀ ಹೇಳಿದೆ. ಬೆಳ್ಳ ಲೋಟವನ್ನು ಬಲಗೈಯಲ್ಲಿ ತೆಗೆದುಕೊಂಡ. ಅವನು ಎಡಚ. ಕತ್ತಿ ಹಿಡಿಯುವುದೂ ಎಡಗೈಯಲ್ಲಿ, ಕೋವಿ ಎತ್ತುವುದೂ ಎಡಗೈಯಲ್ಲಿ. ಲೋಟ ತುಳುಕಿ ಟೀ ಪಂಚೆ ಮೇಲೆ ಬಿತ್ತು. ಎಡಗೈ ಕಂಬಳಿಯೊಳಗೇ ಇತ್ತು.

"ಕೈ ತೋರ್ಸು," ಅಂದೆ.

"ಬುಡಮ್ಮಿ. ಬಸ್ ಬತ್ತದೆ."

"ಕೈ ತೋರ್ಸು."

ನಾನೇ ಕಂಬಳಿ ಎಳೆದೆ. ಹೆಬ್ಬೆಟ್ಟು ನೇರಳೆಯಾಗಿತ್ತು. ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಬಣ್ಣ ಹೋಗಿರಲಿಲ್ಲ.

"ಎಷ್ಟು?"

"ನಾಕು."

"ಏನು ಬರ್ದಿತ್ತು?"

"ನಂಗೆ ಓದಕ್ಕೆ ಬತ್ತದಾ?"

"ಅಕ್ಷರ ಇತ್ತಾ ಇಲ್ವಾ ಅಂತ ಕೇಳ್ದೆ."

ಅವನು ಇಲ್ಲ ಎಂದು ತಲೆಯಾಡಿಸಿದ.

"ಯಾಕೊತ್ದೆ? ನಂಗೊತ್ತಿತ್ತಲ್ಲ, ನಿಂಗೂ ಗೊತ್ತಿತ್ತಲ್ಲ. ನಮ್ಮಪ್ಪನ ಕತೆ ನಿಂಗೆ ಎಷ್ಟು ಸಲ ಹೇಳಿವ್ನಿ?"

ಅಂಗಡಿಯವನು ನೋಡುತ್ತಿದ್ದ. ನನ್ನ ಗಂಟಲು ಏರಿತ್ತು. ಬೆಳ್ಳ ತನ್ನ ಒಡೆದ ಗಂಟಲಿನಲ್ಲಿ ಮೆಲ್ಲಗೆ ಹೇಳಿದ.

"ನೀನು ಮಾತಾಡಿದ್ದೆಲ್ಲ ಒಳಕ್ಕೆ ಕೇಳುಸ್ತು ಕಣೆ. ಚೆನ್ನಾಗಿ ಮಾತಾಡ್ದೆ. ಆಮೇಕೆ ಆ ಸಾಹೇಬ ಒಳಗೆ ಬಂದ. ನಿನ್ನೆಂಡ್ತಿ ಹಾಕಕಿಲ್ಲ ಅಂತಾವ್ಳೆ, ಒಳ್ಳೇದು, ಅವಳನ್ನೂ ಇಲ್ಲೇ ಕೂರಿಸ್ತೀವಿ, ಹಾಸ್ಟೆಲಿಗೆ ಒಂದು ಜೀಪ್ ಕಳಿಸಿ ಮಗಳನ್ನೂ ಕರಿಸ್ತೀವಿ, ಮೂರು ಜನ ಒಟ್ಟಿಗೆ ಇರಿ ಅಂದ. ನಗ್ತಾ ಅಂದ. ಒತ್ಬುಟ್ಟೆ."

ನಾನು ಹಾಕದೆ ಉಳಿದದ್ದಕ್ಕೆ ಅವನು ಒತ್ತಿದ್ದ.

ಲೋಟ ಇಟ್ಟು ವಾಪಸು ನಡೆದೆ. ಬೆಳ್ಳ ಹಿಂದೆ ಬಂದ, ಬೇಡ ಕಣೆ ಬೇಡ ಕಣೆ ಅನ್ನುತ್ತಾ ಬಂದ. ಠಾಣೆಯ ಮೆಟ್ಟಿಲು ಹತ್ತಿ ಆ ನಾಲ್ಕು ಹಾಳೆ ಕೊಡಿ ಅಂದೆ. ಕಂಠಪ್ಪ ಒಬ್ಬನೇ ಇದ್ದ.

"ಯಾವ ಹಾಳೆ?" ಅಂದ.

"ನನ್ನ ಗಂಡನ ಹೆಬ್ಬೆಟ್ಟು ಒತ್ತಿಸ್ಕಂಡಿರೋ ಹಾಳೆ. ಬರೆದು ಕೊಡಿ, ಇಲ್ಲ ಹರಿದು ಕೊಡಿ."

ಅವನು ಎದ್ದು ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. "ನನಗೂ ಹೆಣ್ಮಕ್ಕಳವ್ರೆ ಕಣಮ್ಮ. ನನ್ನ ಮಾತು ಕೇಳು. ಬಸ್ ಹೋಗೋದ್ರೊಳಗೆ ಹೋಗು. ಜಾಸ್ತಿ ಕೇಳಿದ್ರೆ ಆ ಹಾಳೆ ಬೇಗ ತುಂಬ್ತವೆ," ಅಂದ. ಅವನು ಬೆದರಿಸಲಿಲ್ಲ. ಬೇಡಿಕೊಂಡ. ನನಗೆ ಅವತ್ತು ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಅದಕ್ಕೆ.

ಶನಿವಾರ ವನಿತಾ ಬಂದಳು. ನನ್ನನ್ನು ಬೈಯಲಿಲ್ಲ. ನಾನು ಹೇಳಿದೆ ಅಲ್ವಾ ಅನ್ನಲಿಲ್ಲ. ನೋಟ್‌ಬುಕ್ಕಿನಿಂದ ಹಾಳೆ ಕಿತ್ತು ಅರ್ಜಿ ಬರೆದಳು. ಇಂಥ ದಿನ, ಇಂಥ ಹೊತ್ತಿನಲ್ಲಿ, ಬೆಳ್ಳನ ಏರ್‌ಗನ್ ಮತ್ತು ಬಿಲ್ಲು ಇಟ್ಟುಕೊಂಡು ರಸೀತಿ ಕೊಟ್ಟಿಲ್ಲ, ಬರೆಯದ ನಾಲ್ಕು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ, ಆ ಹಾಳೆಗಳಲ್ಲಿ ಮುಂದೆ ಏನು ಬರೆದರೂ ಅದು ಬೆಳ್ಳ ಹೇಳಿದ್ದಲ್ಲ. ಮೊಬೈಲಿನಲ್ಲಿದ್ದ ಬಿಲ್ಲಿನ ಫೋಟೋ ಪ್ರಿಂಟು ಮಾಡಿಸಿ ಲಗತ್ತಿಸಿದಳು. ನಾನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದೆ. ಬರೆದ ಹಾಳೆಗೆ. ಠಾಣೆಗೂ ಮೈಸೂರಿನ ದೊಡ್ಡ ಸಾಹೇಬರಿಗೂ ರಿಜಿಸ್ಟರ್ ಮಾಡಿದೆವು. ತಲುಪಿದ ಕಾರ್ಡು ಎರಡೂ ಕಡೆಯಿಂದ ಬಂದವು. ಉತ್ತರ ಬರಲಿಲ್ಲ. ಕಾರ್ಡುಗಳನ್ನು ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇನೆ, ಬಿಲ್ಲು ಇದ್ದ ಜಾಗದಲ್ಲಿ.

ಚುನಾವಣೆ ಮುಗಿಯಿತು. ಊರಿನವರು ರಸೀತಿ ತೋರಿಸಿ ಬಂದೂಕು ಬಿಡಿಸಿಕೊಂಡು ಬಂದರು. ನಾವೂ ಹೋದೆವು. ಹೊಸ ಪೊಲೀಸಿನವನೊಬ್ಬ ಕೂತಿದ್ದ.

"ಯಾವ ಏರ್‌ಗನ್? ರಸೀತಿ ತೋರ್ಸು," ಅಂದ.

ನಟರಾಜು ಕಾವಲಿಗೆ ಬೇರೆಯವನನ್ನು ಇಟ್ಟುಕೊಂಡಿದ್ದಾನೆ. ನನ್ನನ್ನೂ ಕಳೆಗೆ ಕರೆಯುವುದಿಲ್ಲ. ನಾನು ಈಗ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಪೋಣಿಸಲು ಹೋಗುತ್ತೇನೆ. ಬೆಳಿಗ್ಗೆ ನಾಲ್ಕಕ್ಕೆ ಆಟೋ ಬರುತ್ತದೆ. ಸೊಪ್ಪಿನ ಅಂಟು ಹತ್ತಿ ನನ್ನ ಹತ್ತು ಬೆರಳೂ ಕಪ್ಪಾಗಿವೆ. ಅದು ಸೋಪು ಹಾಕಿದರೆ ಹೋಗುತ್ತದೆ. ಬೆಳ್ಳ ಕೆಲಸವಿಲ್ಲದೆ ಬಾಗಿಲಲ್ಲಿ ಕೂರುತ್ತಾನೆ. ಜೀಪಿನ ಸದ್ದು ಕೇಳಿದರೆ ಎಡಗೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ.

ಹೋದ ಸೋಮವಾರ ಕಂದಕದಿಂದ ಆಚೆಗೆ ಒಂದು ಜಿಂಕೆ ಬಿದ್ದಿತ್ತಂತೆ. ಗುಂಡೇಟು ಅಂತ ಜನ ಹೇಳಿದರು. ಜೋಡು ನಳಿಗೆಯ ಗುಂಡು ಅಂತಲೂ ಹೇಳಿದರು. ಊರಿನಲ್ಲಿ ಬಂದೂಕಿರುವ ಯಾರ ಮನೆಗೂ ಪೊಲೀಸರು ಹೋಗಲಿಲ್ಲ.

ಇವತ್ತು ಮಧ್ಯಾಹ್ನ ಹಾಡಿಗೆ ಠಾಣೆಯ ಜೀಪು ಬಂತು. ಕಸದ ಗಾಡಿ ಬಾರದ ದಾರಿಯಲ್ಲಿ ಒಳಗೇ ಬಂತು. ನಾನು ಕೆಲಸಕ್ಕೆ ಹೋಗಿದ್ದೆ. ಪಕ್ಕದ ಮನೆಯ ಸೋಮಮ್ಮ ಹೇಳಿದಳು. ಇಳಿಯಲಿಲ್ಲವಂತೆ. ಬೈಯಲಿಲ್ಲವಂತೆ. ಬೆಳ್ಳನ ಮನೆ ಯಾವುದು ಎಂದು ಕೇಳಿದರಂತೆ. ಅವಳು ತೋರಿಸಿದಳು. ತೋರಿಸದೆ ಏನು ಮಾಡುತ್ತಾಳೆ. ಬಾಗಿಲಲ್ಲಿ ಕೂತಿದ್ದ ಬೆಳ್ಳನನ್ನು ನೋಡಿಕೊಂಡು ಹೋದರು.

ನಾನು ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ. ಆದರೆ ನಾನು ಅಪ್ಪನಿಗೆ ಹೇಳಿದ್ದು ನನ್ನೊಬ್ಬಳ ಮಾತಲ್ಲ, ನಮ್ಮ ಮನೆಯ ಮಾತು. ಒತ್ತಲು ಬಿಡುವುದಿಲ್ಲ ಎಂದೂ ಹೇಳಿದ್ದೆ. ನಾಲ್ಕು ಹಾಳೆಗಳು ಠಾಣೆಯಲ್ಲಿವೆ. ಆ ಮಾತು ಉಳಿಯಲಿಲ್ಲ.